ನೀರು ಹಾಕಬೇಡಿ ಎಂದು ಹೇಳುತ್ತಿದ್ದ ಕೆಲಸ

ನರ್ಸರಿ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳ ಕೈಗೆ ಮೊದಲ ದಿನವೇ ನೀರಿನ ಪೈಪು ಕೊಡುತ್ತಾರೆ. ಗಿಡಕ್ಕೆ ನೀರು ಬಿಡುವುದೇ ಈ ಕೆಲಸ ಎಂದು ಎಲ್ಲರೂ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದು ಬಂದವಳು. ಆದರೆ ನನ್ನ ದುಡಿಮೆಯ ಬಹುಕಾಲ ಕಳೆದದ್ದು ಪೈಪನ್ನು ಸುತ್ತಿ ಮೂಲೆಗಿಟ್ಟು, ಬಂದ ಗಿರಾಕಿಗಳಿಗೆಲ್ಲ "ನೀರು ಹಾಕಬೇಡಿ" ಎಂದು ಹೇಳುವುದರಲ್ಲಿ. ಈಗ ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದೇನೆ. ಆ ನರ್ಸರಿಗೆ ಕೆಲಸಕ್ಕೆ ಬರುವ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದು ಏನೇನೋ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಶಮೀಮ್. ಹುಣಸೂರು ಪೇಟೆಯವಳು. ಅಪ್ಪ ಬಾಗಿಲು ಕಿಟಕಿ ಮಾಡುವ ಬಡಗಿ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಕಟ್ಟೆಮಳಲವಾಡಿ ರಸ್ತೆಯಲ್ಲಿದ್ದ ಗಿರಿಜಮ್ಮನವರ ನರ್ಸರಿಗೆ ಸೇರಿದೆ. ಗಿರಿಜಮ್ಮನವರದು ಹೊಗೆಸೊಪ್ಪು ಬೆಳೆಯುವ ಮನೆತನ. ಗಂಡನ ಹೊಲದ ಮೂಲೆಯಲ್ಲಿ ಒಂದಿಷ್ಟು ಜಾಗ ಕೇಳಿ ತೆಗೆದುಕೊಂಡು, ಕೊಡಗಿನ ತೋಟಗಳಿಗೆ ನೆರಳಿನ ಸಿಲ್ವರ್ ಓಕ್ ಸಸಿ, ಮೆಣಸಿನ ಬಳ್ಳಿ ಬೆಳೆಸಿ ಕೊಡುತ್ತಿದ್ದರು. ಒಮ್ಮೆ ಬೆಂಗಳೂರಿಗೆ ಹೋದವರು ಒಂದು ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಬಂದರು. ಅದರಲ್ಲಿ ಅಂಗೈಯಗಲದ ಗಿಡಗಳಿದ್ದವು. ದಪ್ಪ ಎಲೆಗಳು ಒಂದರ ಮೇಲೊಂದು ಸುತ್ತಾಗಿ ಕೂತು, ನೋಡಿದರೆ ಗಿಡವೋ ಹೂವೋ ತಿಳಿಯುತ್ತಿರಲಿಲ್ಲ. ಎಚೆವೇರಿಯಾ ಎಂದು ಅದರ ಹೆಸರು. ನಮ್ಮ ಕಡೆಯ ಬಾಯಿಗೆ ಅದು ಹತ್ತಲಿಲ್ಲ. ಗಿರಾಕಿಗಳು 'ತಾವರೆ ಕಳ್ಳಿ' ಎಂದು ಕರೆದರು. ಅದು ಕಳ್ಳಿಯ ಜಾತಿಯಲ್ಲ ಎಂದು ಹೇಳಿ ಹೇಳಿ ಸಾಕಾಗಿ ಕೊನೆಗೆ ನಾವೂ ಹಾಗೇ ಕರೆದೆವು.

ಆ ಮೊದಲ ಪೆಟ್ಟಿಗೆಯ ಕಥೆ ನೆನೆದರೆ ಇಂದೂ ನಗು ಬರುತ್ತದೆ. ಎಲೆಗಳ ಮೇಲೆ ಬೂದಿಯಂಥ ತೆಳು ಪುಡಿ ಇತ್ತು.

"ದಾರಿ ಧೂಳೆಲ್ಲ ಕೂತದೆ ನೋಡು ಶಮೀಮಾ, ಒರ್ಸಮ್ಮ" ಎಂದರು ಗಿರಿಜಮ್ಮ.

ನಾವಿಬ್ಬರೂ ಒದ್ದೆ ಬಟ್ಟೆ ಹಿಡಿದು, ಮದುವೆ ಮನೆಯ ತಟ್ಟೆ ಲೋಟ ಒರೆಸುವಂತೆ ಒಂದೊಂದು ಎಲೆಯನ್ನೂ ಉಜ್ಜಿ ಹೊಳೆಯುವಂತೆ ಮಾಡಿದೆವು. ಕೆಲವು ದಿನ ಕಳೆದು ಗಿಡ ಕೊಟ್ಟಿದ್ದ ವ್ಯಾಪಾರಿ ಕೊಡಗಿಗೆ ಹೋಗುವ ದಾರಿಯಲ್ಲಿ ಇಳಿದು ನೋಡಿ ತಲೆಯ ಮೇಲೆ ಕೈ ಹೊತ್ತ. ಬಿಸಿಲಿನಿಂದ ಕಾಪಾಡಿಕೊಳ್ಳಲು ಗಿಡ ತಾನೇ ಹಚ್ಚಿಕೊಂಡ ಪುಡಿಯಂತೆ ಅದು. ಒರೆಸಿದ ಎಲೆಗೆ ಮತ್ತೆ ಬರುವುದಿಲ್ಲ, ಹೊಸ ಎಲೆ ಮೂಡುವ ತನಕ ಕಾಯಬೇಕು. ಅವನು ಹೋದ ಮೇಲೆ ಗಿರಿಜಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಹೊಟ್ಟೆ ಹಿಡಿದುಕೊಂಡು ನಗುವಷ್ಟು ನಗು ಬಂತು. ಅಂದಿನಿಂದ ಆ ಗಿಡಗಳನ್ನಿಟ್ಟ ಶೆಡ್ಡು ನನ್ನ ಪಾಲಿಗೆ ಬಂತು. ಎಲೆ ಮುಟ್ಟದೆ ಬುಡ ಹಿಡಿದು ಗಿಡ ಎತ್ತುವುದನ್ನು ಕಲಿತೆ.

ಮಿಕ್ಕದ್ದನ್ನು ಗಿಡಗಳೇ ಕಲಿಸಿದವು, ಒಂದಿಷ್ಟು ಸತ್ತು, ಒಂದಿಷ್ಟು ಬದುಕಿ. ಕೆಮ್ಮಣ್ಣು ಹೆಚ್ಚಾದರೆ ನೀರು ನಿಲ್ಲುತ್ತದೆ. ಹೊಳೆ ಮರಳು, ಇಟ್ಟಿಗೆ ಚೂರು, ಕೆ.ಆರ್. ನಗರದ ಅಕ್ಕಿ ಗಿರಣಿಯಿಂದ ತಂದು ಸುಟ್ಟ ಭತ್ತದ ಹೊಟ್ಟು ಬೆರೆಸಿದರೆ ನೀರು ಹಾಕಿದ ಕ್ಷಣವೇ ತಳದಿಂದ ಇಳಿದುಹೋಗುತ್ತದೆ. ಬಾಯಾರಿದೆಯೋ ಇಲ್ಲವೋ ತಿಳಿಯಲು ತಳದ ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಬೇಕು. ಗಟ್ಟಿಯಾಗಿದ್ದರೆ ಸುಮ್ಮನಿರಬೇಕು, ಸುಕ್ಕಾಗಿ ಬಾಗಿದರೆ ನೀರು. ಎಲೆಸಂದಿಯಲ್ಲಿ ಹತ್ತಿಯಂತೆ ಬಿಳಿಯದು ಕಂಡರೆ ಅದು ರಸ ಹೀರುವ ಹಿಟ್ಟು ತಿಗಣೆ. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೂ ತೆಗೆಯಬೇಕು. ಅವಸರದವರಿಗೆ ಈ ಶೆಡ್ಡು ಆಗಿಬರುವುದಿಲ್ಲ.

ಗಿರಾಕಿಗಳ ಪೈಕಿ ನನಗೆ ಪಾಠ ಕಲಿಸಿದವರು ಎಚ್.ಡಿ. ಕೋಟೆ ಬಳಿಯ ಹ್ಯಾಂಡ್‌ಪೋಸ್ಟಿನ ಕರೀಂ ಸಾಹೇಬರು. ಅಲ್ಲಿ ಬಸ್ಸುಗಳು ನಿಲ್ಲುವ ಕಡೆ ಅವರದೊಂದು ಚಹಾದಂಗಡಿ ಇತ್ತು. ಒಂದು ಗಿಡ ಕೊಂಡುಹೋಗಿ ಮಳೆಗಾಲ ಕಳೆದ ಮೇಲೆ ಸಿಟ್ಟಿನಿಂದಲೇ ಫೋನು ಮಾಡಿದರು.

"ಏನ್ ಬೇಟಿ, ತಾವರೆ ಅಂತ ಹೇಳಿ ನುಗ್ಗೆಕಾಯಿ ಕೊಟ್ಬುಟ್ಟಿದ್ದೀಯಲ್ಲ! ಗಿರಾಕಿಗಳೆಲ್ಲ ನಗ್ತಾ ಅವ್ರೆ."

ನನಗೆ ತಲೆಬುಡ ತಿಳಿಯಲಿಲ್ಲ. ಎಚ್.ಡಿ. ಕೋಟೆ ಕಡೆಗೆ ಸಸಿ ಸಾಗಿಸುವ ಗಾಡಿಯಲ್ಲಿ ಹೋಗಿ ನೋಡಿದೆ. ಗಲ್ಲಾಪೆಟ್ಟಿಗೆಯ ಹಿಂದೆ, ಬೆಳಕೇ ಬೀಳದ ಮೂಲೆಯಲ್ಲಿ ಅದನ್ನು ಭದ್ರವಾಗಿ ಇಟ್ಟಿದ್ದರು. ಪಾಪದ ಗಿಡ ಬೆಳಕು ಹುಡುಕಿಕೊಂಡು ಮೊಳದುದ್ದ ಕತ್ತು ಚಾಚಿ, ಎಲೆಗಳನ್ನು ಅಲ್ಲೊಂದು ಇಲ್ಲೊಂದು ಬಿಟ್ಟು ಬಿಳಿಚಿಕೊಂಡಿತ್ತು.

"ಹೊರಗೆ ಬಿಸಿಲಲ್ಲಿ ಇಡಿ ಸಾಹೇಬ್ರೆ" ಎಂದೆ.

"ಬಸ್ ಸ್ಟಾಂಡಮ್ಮಾ ಇದು! ಹೊರಗಿಟ್ರೆ ಮೈಸೂರ್ ಬಸ್ ಹತ್ತಿ ಹೊಂಟೋಯ್ತದೆ."

ಅವರ ಚಾಕುವನ್ನೇ ಇಸಿದುಕೊಂಡು ಗಿಡದ ತಲೆ ಕೊಯ್ದೆ. ಸಾಹೇಬರು "ಯಾ ಅಲ್ಲಾ" ಎಂದು ಕಣ್ಣು ಮುಚ್ಚಿದರು. ತಲೆಯನ್ನು ಒಣಗಿಸಿ ಬೇರೆ ಕುಂಡದಲ್ಲಿ ನೆಡಬಹುದು, ಉಳಿದ ಬೊಡ್ಡೆಯ ಸುತ್ತ ಮರಿಗಳು ಬರುತ್ತವೆ ಎಂದು ಬಿಡಿಸಿ ಹೇಳಿದೆ. ಅವರು ಮನೆಯಿಂದ ಖಾಲಿ ಗಿಣಿ ಪಂಜರ ತರಿಸಿ, ಎರಡೂ ಕುಂಡಗಳನ್ನು ಅದರೊಳಗಿಟ್ಟು ಬೀಗ ಹಾಕಿ ಅಂಗಡಿಯ ಮುಂದಿನ ತೊಲೆಗೆ ನೇತುಹಾಕಿದರು. ಚಹಾ ಕುಡಿಯಲು ಬಂದವರು ಪಂಜರದಲ್ಲಿ ಹಕ್ಕಿ ಹುಡುಕಿ ಗಿಡ ಕಂಡು ವಿಚಾರಿಸುವರು. ಕೋಟೆ ತಾಲ್ಲೂಕಿನಿಂದ ನಮಗೆ ಬಂದ ಗಿರಾಕಿಗಳಲ್ಲಿ ಹೆಚ್ಚಿನವರು ಆ ಪಂಜರ ನೋಡಿ ಬಂದವರೇ. ಗಿಡ ಕೊಡುವ ಮುನ್ನ "ನಿಮ್ಮ ಮನೆಯಲ್ಲಿ ಬಿಸಿಲು ಎಲ್ಲಿ ಬೀಳುತ್ತೆ?" ಎಂದು ಕೇಳುವುದನ್ನು ನಾನು ಅಲ್ಲಿಂದ ರೂಢಿ ಮಾಡಿಕೊಂಡೆ.

ಇನ್ನು ಪಿರಿಯಾಪಟ್ಟಣದ ಮದುವೆಯ ವಿಷಯ. ನನ್ನ ಕೆಲಸದಲ್ಲಿ ಹೆಮ್ಮೆಪಡುವಂಥದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಬೇಸಿಗೆಯ ಕೊನೆಯಲ್ಲಿ ಚೈತ್ರಾ ಎಂಬ ಹುಡುಗಿ ಶೆಡ್ಡಿಗೆ ಬಂದಳು. ಪಿರಿಯಾಪಟ್ಟಣದಲ್ಲಿ ಶಾಲೆ ಟೀಚರು. ಶ್ರಾವಣದಲ್ಲಿ ಅವಳ ಮದುವೆ. ಬಂದವರಿಗೆ ತಾಂಬೂಲದ ಚೀಲದ ಜೊತೆ ಒಂದೊಂದು ತಾವರೆ ಕಳ್ಳಿ ಕೊಡಬೇಕು ಎಂದು ಅವಳ ಆಸೆ. ಮನೆಯಲ್ಲಿ ಅಜ್ಜಿ ಒಪ್ಪಿರಲಿಲ್ಲ. 'ಶುಭಕಾರ್ಯದಲ್ಲಿ ಯಾರಾದ್ರೂ ಕಳ್ಳಿ ಕೊಡ್ತಾರಾ' ಎಂದು ಮುನಿಸಿಕೊಂಡು ಊಟವನ್ನೇ ಬಿಟ್ಟಿದ್ದರಂತೆ. ಹುಡುಗಿ ಹಟ ಹಿಡಿದು, ಅಪ್ಪನನ್ನು ಒಪ್ಪಿಸಿ, ಕಲ್ಯಾಣಮಂಟಪ ತುಂಬುವಷ್ಟು ಗಿಡಗಳಿಗೆ ನಮ್ಮಲ್ಲಿ ಹೇಳಿದಳು. ಹೋಗುವಾಗ ನನ್ನ ಕೈ ಹಿಡಿದು, "ಅಕ್ಕಾ, ಗಿಡ ಚೆನ್ನಾಗಿಲ್ಲದಿದ್ರೆ ಅಜ್ಜಿ ಮುಂದೆ ನಾನು ತಲೆ ಎತ್ತೋ ಹಂಗಿಲ್ಲ" ಎಂದಳು.

ಅಷ್ಟು ದೊಡ್ಡ ಕೆಲಸ ನಮಗೆ ಅದೇ ಮೊದಲು. ಗಿರಿಜಮ್ಮನ ಗಂಡ ಮುಂಚಿನಿಂದಲೂ "ಈ ಆಟದ ಗಿಡ ತೆಗ್ದಾಕಿ ತೆಂಗಿನ ಸಸಿ ಆಕಿ" ಎನ್ನುತ್ತಿದ್ದರು. ಈ ಮದುವೆ ಚೆನ್ನಾಗಿ ಆದರೆ ಶೆಡ್ಡು ಉಳಿಯುತ್ತದೆ, ಕೆಟ್ಟರೆ ಮುಚ್ಚುತ್ತದೆ ಎಂದು ನನಗೂ ಗೊತ್ತಿತ್ತು, ಗಿರಿಜಮ್ಮನಿಗೂ ಗೊತ್ತಿತ್ತು. ಒಂದೊಂದು ಗಿಡವನ್ನೂ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ನೆಟ್ಟು ಸಾಲಾಗಿ ಜೋಡಿಸಿದೆವು. ಆಷಾಢ ಬರುವ ಹೊತ್ತಿಗೆ ಶೆಡ್ಡಿಗೆ ಕಾಲಿಟ್ಟರೆ ಕಣ್ಣು ತುಂಬುತ್ತಿತ್ತು.

ಆ ಆಷಾಢದಲ್ಲಿ ಕೊಡಗಿನ ಕಡೆಯಿಂದ ಗಾಳಿ ಸಮೇತ ಮಳೆ ನುಗ್ಗಿತು. ಶೆಡ್ಡಿನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆಯಿಂದ ಹರಿದು ಹಾರಿತು. ಹೊಸ ಹೊದಿಕೆ ತರಿಸಿ ಕಟ್ಟುವಷ್ಟರಲ್ಲಿ ವಾರ ಕಳೆಯಿತು. ಮಳೆ ನಿಲ್ಲಲಿಲ್ಲ. ತಳದ ಎಲೆಗಳು ಬೇಯಿಸಿದ ಈರುಳ್ಳಿಯಂತೆ ಪಾರದರ್ಶಕವಾಗಿ, ಮುಟ್ಟಿದರೆ ಉದುರತೊಡಗಿದವು. ಒಂದು ಗಿಡವನ್ನು ಕಿತ್ತು ನೋಡಿದೆ. ಬೇರು ಇರಲಿಲ್ಲ, ಕಪ್ಪು ಲೋಳೆ ಇತ್ತು.

ಗಿರಿಜಮ್ಮ ಬೆಂಚಿನ ಮೇಲೆ ಕೂತುಬಿಟ್ಟರು. "ಆ ಮಗೀಗೆ ಏನಂತ ಹೇಳನ ಶಮೀಮಾ? ಮುಂಗಡ ವಾಪಸ್ ಕೊಟ್ಟು ಕೈ ಮುಗಿಯನ ಬುಡು."

ನಾನು ಚಾಕು ತಂದೆ. ಕೊಳೆತ ಕಾಂಡವನ್ನು ಕೆಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಬಂದೆ. ಕಪ್ಪು, ಕಂದು, ಮತ್ತೆ ಕಂದು. ಎಲೆಗಳ ಸುತ್ತು ಶುರುವಾಗುವ ಕಡೆ ಮೂಲಂಗಿಯ ಒಳಗಿನಂತೆ ಬೆಳ್ಳಗೆ ಸ್ವಚ್ಛವಾಗಿತ್ತು.

"ತಲೆ ಉಳಿದಿದೆ ಗಿರಿಜಮ್ಮಾವ್ರೆ. ಕೊಯ್ದುಬಿಡೋಣ" ಎಂದೆ.

ಶೆಡ್ಡಿನ ಹೆಂಗಸರೆಲ್ಲ ಕೂತು ಕೊಯ್ದೆವು. ಬಿಳುಪು ಕಾಣದವನ್ನು ಎಸೆದೆವು, ಕಂಡವನ್ನು ಉಳಿಸಿಕೊಂಡೆವು. ಉಳಿದವೇ ಹೆಚ್ಚು. ಆದರೆ ಕೊಯ್ದ ಬಾಯಿ ಒಣಗಿ ಮುಚ್ಚಿಕೊಳ್ಳದೆ ಮಣ್ಣಿಗಿಟ್ಟರೆ ಮತ್ತೆ ಕೊಳೆಯುತ್ತದೆ. ಹಸಿ ಮರದಲ್ಲಿ ಬಾಗಿಲು ಮಾಡಬಾರದು ಎಂದು ಅಪ್ಪ ಹಲಗೆಗಳನ್ನು ತಿಂಗಳುಗಟ್ಟಲೆ ಒಣಗಲು ಬಿಡುತ್ತಿದ್ದುದು ನೆನಪಾಯಿತು. ಆ ತೇವದ ಗಾಳಿಯಲ್ಲಿ ಒಣಗಿಸುವುದೆಲ್ಲಿ? ಮೊದಲು ಹರಡಿದ ಒಂದು ತಟ್ಟೆಗೆ ಮೂರನೆಯ ದಿನವೇ ಬೂಷ್ಟು ಹಿಡಿಯಿತು.

ಆಗ ಗಿರಿಜಮ್ಮ ತಟ್ಟನೆ ಎದ್ದರು. "ನಮ್ ಶಿವಮಲ್ಲಪ್ಪನ ಬ್ಯಾರನ್‌ಗೆ ಬೆಂಕಿ ಹಾಕವ್ರೆ. ಬಾ ನನ್ ಜೊತೆ."

ಶಿವಮಲ್ಲಪ್ಪ ಅವರ ಮೈದುನ. ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ನೇತುಹಾಕಿ, ಹೊರಗಿನ ಒಲೆಯಿಂದ ದಿನಗಟ್ಟಲೆ ಬಿಸಿ ಕೊಟ್ಟು ಬೇಯಿಸುತ್ತಾರೆ. ಆ ದಿನಗಳಲ್ಲಿ ಬ್ಯಾರನ್ ಎಂದರೆ ಅವರಿಗೆ ಬಾಣಂತಿ ಕೋಣೆ ಇದ್ದ ಹಾಗೆ. ಕಂಡವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಮಾತು ಕೇಳಿ ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅತ್ತಿಗಮ್ಮ, ನೀವ್ ಏನಾರಾ ಕೇಳಿ ಕೊಡ್ತೀನಿ. ಇದೊಂದ್ ಬ್ಯಾಡ. ಒಳಗೆ ಒಂದ್ ಹುಳ ಹೊಕ್ಕುದ್ರೂ ನನ್ ಸೊಪ್ಪು ಕೆಟ್ಟೋಯ್ತದೆ. ಅಲ್ದೆ ಆ ಕಾವಿಗೆ ನಿಮ್ ಗಿಡ ಪಲ್ಯ ಆಯ್ತವೆ."

"ಒಳಗೆ ಬೇಡ ಅಣ್ಣಾ" ಎಂದೆ ನಾನು. "ಒಲೆ ಮುಂದಿನ ಚಪ್ಪರದಲ್ಲಿ ಜಾಗ ಕೊಡಿ ಸಾಕು. ಅಲ್ಲಿ ನೆಲ ಒಣಗಿದೆ, ಗಾಳಿ ಬೆಚ್ಚಗಿದೆ."

"ಬೆಂಕಿ ನೋಡ್ಕಳಕೇ ನಮಗೆ ಪುರಸೊತ್ತಿಲ್ಲ ಕಣಮ್ಮ. ನಿನ್ ಗಿಡ ಯಾರ್ ನೋಡ್ಕತಾರೆ?"

"ನಾನೇ ದಿನಾ ಬತ್ತೀನಿ."

ಅವರು ಅತ್ತಿಗೆಯ ಮುಖ ನೋಡಿದರು. ಗಿರಿಜಮ್ಮ ಮಳೆಯಲ್ಲಿ ನೆನೆದ ಸೆರಗು ಹಿಂಡುತ್ತಾ ನಿಂತಿದ್ದರು. "ತಕ್ಕಬನ್ನಿ ಅತ್ಲಾಗೆ" ಎಂದು ಶಿವಮಲ್ಲಪ್ಪ ಒಲೆಗೆ ಕಟ್ಟಿಗೆ ತಳ್ಳಲು ಹೋದರು.

ಗೋಣಿಚೀಲ ಹಾಸಿ ತಲೆಗಳನ್ನು ಹರಡಿದೆವು. ಮೊದಲ ದಿನ ಒಲೆಗೆ ತೀರ ಹತ್ತಿರವಾಗಿ ಒಂದು ಸಾಲಿನ ಎಲೆತುದಿ ಸುಟ್ಟಿತು. ಹಿಂದಕ್ಕೆ ಸರಿಸಿದರೆ ಅಡಿಯಿಂದ ಗಾಳಿಯಾಡಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿರುವುದನ್ನು ಕಂಡು ಶಿವಮಲ್ಲಪ್ಪ ಸೊಪ್ಪು ಕಟ್ಟುವ ಕಡ್ಡಿಗಳನ್ನು ತಂದು ಇಟ್ಟಿಗೆಗಳ ಮೇಲೆ ಅಡ್ಡಡ್ಡ ಜೋಡಿಸಿ ಮಂಚದ ಹಾಗೆ ಮಾಡಿಕೊಟ್ಟರು. "ಇದರ್ ಮ್ಯಾಲಿಡು. ಕೆಳಗಿಂದ್ಲೂ ಕಾವು ಏರ್ತದೆ, ಮ್ಯಾಲಿಂದ್ಲೂ ಗಾಳಿ ಆಡ್ತದೆ." ಹೊಗೆಸೊಪ್ಪಿನ ಸಿಹಿ ಬೆರೆತ ಘಾಟು ವಾಸನೆಯಲ್ಲಿ ನಾನು ದಿನವೂ ಕೂತು ಗಿಡಗಳನ್ನು ತಿರುವಿ ಹಾಕುತ್ತಿದ್ದೆ. ಆಮೇಲಾಮೇಲೆ ನಾನು ಬರುವ ಹೊತ್ತಿಗೇ ಅರ್ಧ ಮಂಚದ ಗಿಡಗಳು ತಿರುವಿರುತ್ತಿದ್ದವು.

ಒಂದು ಬೆಳಿಗ್ಗೆ ಶಿವಮಲ್ಲಪ್ಪನವರೇ ಒಂದು ತಲೆಯನ್ನು ಹುಷಾರಾಗಿ ಬುಡದಲ್ಲಿ ಹಿಡಿದು ನನಗೆ ತೋರಿಸಿದರು. "ನೋಡು, ಗಾಯ ನಮ್ ಸೊಪ್ಪಿನ್ ಬಣ್ಣಕ್ಕೇ ತಿರುಗೈತೆ. ಹದ ಬಂದದೆ ಕಣಮ್ಮ." ಕೊಯ್ದ ಬಾಯಿಗೆ ಕಂದು ಬಣ್ಣದ ಗಟ್ಟಿ ಹಕ್ಕಳೆ ಕೂತಿತ್ತು. ಉಗುರಿನಿಂದ ತಟ್ಟಿದರೆ ಟಕ್ ಎನ್ನುತ್ತಿತ್ತು.

ಗಿಡಗಳೇನೋ ಉಳಿದವು. ಆದರೆ ಮದುವೆ ಹತ್ತಿರ ಬಂದಿತ್ತು, ಒಂದಕ್ಕೂ ಬೇರು ಮೂಡಿರಲಿಲ್ಲ. ಒಣ ಮಣ್ಣಿನ ಮೇಲೆ ಕೂರಿಸಿದರೆ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಶೆಡ್ಡಿನಲ್ಲಿ ಒಬ್ಬಿಬ್ಬರು "ಸುಮ್ಮನೆ ಕೊಟ್ಟುಬಿಡೋಣ" ಎಂದರು. ಗಿರಿಜಮ್ಮ ಒಪ್ಪಲಿಲ್ಲ. ಅವರಲ್ಲಿ ನಾನು ಮೆಚ್ಚುತ್ತಿದ್ದುದು ಇದನ್ನೇ. ಇಬ್ಬರೂ ಒಂದು ಗಿಡವನ್ನು ಹಿಡಿದು ಪಿರಿಯಾಪಟ್ಟಣದ ಬಸ್ಸು ಹತ್ತಿದೆವು.

ಚೈತ್ರಾಳ ಮನೆಯ ನಡುಮನೆಯಲ್ಲಿ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿದ್ದರು. ಹಣೆಯಲ್ಲಿ ಅಗಲವಾದ ವಿಭೂತಿ. ನಡೆದದ್ದನ್ನೆಲ್ಲ ಹೇಳಿದೆವು. ಚೈತ್ರಾಳ ಮುಖ ಬಾಡಿತು. ನಾನು ಗಿಡವನ್ನು ಮೇಲೆತ್ತಿ ಬುಡ ತೋರಿಸಿದೆ. ಅಜ್ಜಿ ಮೊರ ಕೆಳಗಿಟ್ಟರು.

"ಬೇರೇ ಇಲ್ವಲ್ಲ! ಇದು ಎಂಗೆ ಬದುಕ್ತದೆ?"

"ಎಲೆ ಒಳಗೆ ನೀರು ಕೂಡಿಟ್ಟುಕೊಂಡಿದೆ ಅಜ್ಜಿ. ಹೊಸ ಜಾಗದಲ್ಲಿ ಇಟ್ಟ ಮೇಲೆ ತಾನಾಗೇ ಬೇರು ಬಿಡುತ್ತೆ. ಶ್ರಾವಣ ಮುಗಿಯೋ ತನಕ ನೀರು ಮಾತ್ರ ಹಾಕಬಾರದು."

ಅಜ್ಜಿ ಗಿಡವನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿದರು. "ನಾನು ಈ ಮನೇಗೆ ಬಂದಾಗ ನಂಗೂ ಬೇರ್ ಇರ್ನಿಲ್ಲ ಬುಡು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕೊಡಿ. ಆದ್ರೆ ನೀನೇ ಛತ್ರುದ್ ಬಾಗ್ಲಲ್ಲಿ ನಿಂತ್ಕಂಡು ಬಂದೋರ್ಗೆಲ್ಲ ಬಾಯಿಬುಟ್ಟು ಹೇಳ್ಬೇಕು. ಗಿಡ ಸತ್ತೋಯ್ತು ಅಂತ ಒಬ್ರೂ ನಮ್ ಮಗೀನ ಆಡ್ಕಬಾರ್ದು" ಎಂದರು. ಚೈತ್ರಾ ಅಜ್ಜಿಯ ಹೆಗಲ ಮೇಲೆ ಮುಖ ಇಟ್ಟು ಅತ್ತಳು.

ಮದುವೆಯ ದಿನ ನಾನು ಒಳ್ಳೆಯ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು ಬಾಗಿಲಲ್ಲಿ ನಿಂತೆ. ಊಟ ಮುಗಿಸಿ ಹೊರಟವರ ಕೈಗೆ ಒಂದೊಂದು ಕುಡಿಕೆ ಕೊಟ್ಟು, ಬೇರು ಇನ್ನೂ ಬಂದಿಲ್ಲ, ಈಗಲೇ ನೀರು ಹಾಕಬೇಡಿ ಎಂದು ಹೇಳಿದೆ. "ನೀರಾಕ್ದೆ ಗಿಡಾನಾ?" ಎಂದು ನಕ್ಕವರು ಎಷ್ಟೋ ಮಂದಿ. ಗಂಟಲು ಬಿದ್ದುಹೋಯಿತು. ಅಜ್ಜಿ ನನಗೊಂದು ಕುರ್ಚಿ ಹಾಕಿಸಿ ಲೋಟದ ತುಂಬ ಪಾನಕ ಕಳಿಸಿದರು. ಕೊನೆಗೆ ತಾವೇ ಬಂದು ಪಕ್ಕದಲ್ಲಿ ನಿಂತು, ನನಗಿಂತ ಗಟ್ಟಿ ದನಿಯಲ್ಲಿ "ನೀರ್ ಆಕ್ಬ್ಯಾಡ್ರೀ, ಕೇಳುಸ್ತಾ?" ಎನ್ನತೊಡಗಿದರು. ಸಭೆಯ ಕೊನೆಯ ಸಾಲಿನಲ್ಲಿ ಶಿವಮಲ್ಲಪ್ಪ ಕೂಡ ಇದ್ದರು. ಯಾರ ಕಡೆಯವರೆಂದು ಬಂದರೋ ಕಾಣೆ. ಹೋಗುವಾಗ ಒಂದು ಕುಡಿಕೆ ಇಸಿದುಕೊಂಡು, ಪಕ್ಕದವರಿಗೆ "ಇವು ನಮ್ ಬ್ಯಾರನ್ನಲ್ಲಿ ಹದವಾದವು" ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಎಲ್ಲವೂ ಬದುಕಿದವೆಂದು ಹೇಳಲಾರೆ. ಬದುಕಿದವು ಎಲ್ಲೆಲ್ಲೋ ಎದುರಾದವು. ಅವುಗಳಲ್ಲಿ ಮರೆಯಲಾಗದ್ದು ಒಂದಿದೆ. ಮಾರನೆಯ ಬೇಸಿಗೆಯಲ್ಲಿ ಹೊಟ್ಟು ತರಲು ಕೆ.ಆರ್. ನಗರದ ಗಿರಣಿಗೆ ಹೋದಾಗ, ಆ ಮದುವೆಗೆ ಬಂದಿದ್ದ ಗಿರಣಿಯವರ ಹೆಂಡತಿ ನನ್ನ ಗುರುತು ಹಿಡಿದು ಒಳಗೆ ಕರೆದರು. ಕಿಟಕಿಯಲ್ಲಿ ಅದೇ ಮಣ್ಣಿನ ಕುಡಿಕೆ. ಗಿಡ ಅಡಿಕೆಯಷ್ಟಾಗಿ ಮುದುಡಿ ಕೂತಿತ್ತು.

"ನೀರು ಹಾಕಿಲ್ವಾ?" ಎಂದೆ.

"ನೀವೇ ಹಾಕ್ಬೇಡಿ ಅಂದ್ರಲ್ಲ. ಯಾವಾಗ ಹಾಕ್ಬೇಕು ಅಂತ ನನಗೆ ಕೇಳಿಸ್ಲಿಲ್ಲ. ಮನೇಲಿ ಯಾರೂ ಮುಟ್ಟದಂಗೆ ಕಾದಿದ್ದೀನಿ!"

ಮೆಲ್ಲಗೆ ಎಳೆದು ನೋಡಿದೆ. ಗಿಡ ಅಲುಗಲಿಲ್ಲ, ಬೇರು ಹಿಡಿದಿತ್ತು. ಒಂದು ಲೋಟ ನೀರು ತರಿಸಿ ಬುಡಕ್ಕೆ ಹಾಕಿದೆ. ಎರಡು ದಿನದ ಮೇಲೆ ಆಯಮ್ಮ ಫೋನು ಮಾಡಿ, "ಬಂದು ನೋಡ್ರೀ, ಮೈ ಕೈ ತುಂಬ್ಕೊಂಡು ಕೂತದೆ" ಎಂದು ಕೂಗಿದರು. ಅಂದಿನಿಂದ ನಾನು 'ನೀರು ಹಾಕಬೇಡಿ' ಎಂದ ಮೇಲೆ 'ಯಾವಾಗ ಹಾಕಬೇಕು' ಎಂಬುದನ್ನೂ ಹೇಳಿ, ಗಿರಾಕಿಯ ಬಾಯಿಂದ ತಿರುಗಿ ಹೇಳಿಸಿಯೇ ಗಿಡ ಕೊಟ್ಟೆ.

ಆ ಮದುವೆಯ ನಂತರ ತೆಂಗಿನ ಸಸಿಯ ಮಾತು ಎದ್ದೇಳಲಿಲ್ಲ. ಒಂದು ಶೆಡ್ಡು ಎರಡಾಯಿತು. ಕುಡಿಕೆ ಹೋಗಿ ಟ್ರೇ ಬಂತು. ಈಗ ಗಿರಾಕಿಗಳು ಗಿಡದ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಫೋಟೋದಲ್ಲಿ ಎಲೆ ಒತ್ತಿ ನೋಡಲಾಗುವುದಿಲ್ಲ ಎಂಬುದೊಂದೇ ನನ್ನ ತಕರಾರು.

ನಾನು ಬಿಟ್ಟ ಮೇಲೆ ಶೆಡ್ಡು ನೋಡಿಕೊಳ್ಳುತ್ತಿರುವವಳು ರೂಪಾ. ಮದುವೆಯಾಗಿ ಹುಣಸೂರಿಗೆ ಬಂದವಳು, ನನ್ನ ಕೈಕೆಳಗೆ ಕೆಲವು ವರ್ಷ ಕೆಲಸ ಮಾಡಿದವಳು. ಈಚೆಗೆ ಅವಳೇ ಫೋನು ಮಾಡಿ, "ಶಮೀಮಕ್ಕ, ಒಂದ್ಸಲ ಬಂದೋಗಿ. ಬೈಯಲ್ಲ ಅಂದ್ರೆ ಒಂದು ತೋರಿಸ್ತೀನಿ" ಎಂದಳು.

ಹೋದೆ. ಮೂಲೆಯಲ್ಲಿ ಗಾಜು ಮುಚ್ಚಿದ ಒಂದು ತಟ್ಟೆ ಇತ್ತು. ಗಾಜು ತೆಗೆದಳು. ಒದ್ದೆ ಮರಳಿನ ಮೇಲೆ ರಾಗಿ ಕಾಳಿಗಿಂತ ಚಿಕ್ಕವು, ಹಸಿರು ಚುಕ್ಕೆಗಳು.

"ಏನಮ್ಮಾ ಇದು, ಪಾಚಿ ಕಟ್ಟಿಸಿದ್ದೀಯಾ?"

"ಪಾಚಿಯಲ್ಲ ಅಕ್ಕ, ಸಸಿ. ಬೀಜದಿಂದ ಮಾಡ್ದೆ."

ನಾವು ಹೂವಿನ ಕಡ್ಡಿ ಎದ್ದ ಕೂಡಲೇ ಮುರಿದು ಎಸೆಯುತ್ತಿದ್ದೆವು, ಗಿಡದ ಶಕ್ತಿ ಅದಕ್ಕೆ ಹೋಗುತ್ತದೆ ಎಂದು. ಇವಳು ಎರಡು ಬೇರೆ ಬೇರೆ ಬಣ್ಣದ ಗಿಡಗಳ ಕಡ್ಡಿ ಉಳಿಸಿ, ಮಗಳ ಚಿತ್ರದ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಧೂಳಿನಂಥ ಬೀಜ ತೆಗೆದು ಚೆಲ್ಲಿದ್ದಾಳೆ. ತಲೆ ಕೊಯ್ದರೂ ಎಲೆ ನೆಟ್ಟರೂ ನನಗೆ ಸಿಗುತ್ತಿದ್ದುದು ಅದೇ ಗಿಡ. ಏನು ಬರುತ್ತದೆಂದು ಮೊದಲೇ ಗೊತ್ತಿರುತ್ತಿತ್ತು.

"ಇದಕ್ಕೆ ಯಾವ ಬಣ್ಣ ಬರುತ್ತೆ?" ಎಂದು ಕೇಳಿದೆ.

"ಗೊತ್ತಿಲ್ಲ ಶಮೀಮಕ್ಕ. ಒಂದೊಂದೂ ಒಂದೊಂದು ಥರ ಬರಬಹುದು. ಇವನ್ನ ಇನ್ನೂ ಯಾರೂ ನೋಡೇ ಇಲ್ಲ."

ಬೈಯುವುದು ಎಲ್ಲಿಂದ ಬಂತು? ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಬಗ್ಗಿದೆ. ಒಂದೊಂದು ಚುಕ್ಕೆಯಲ್ಲೂ ಆಗಲೇ ಎಲೆಗಳು ಸುತ್ತು ಕಟ್ಟಲು ಶುರುಮಾಡಿದ್ದವು.